ಕಾಂಟ್ಯಾಕ್ಟ್ ಪಟ್ಟಿ ಒಪ್ಪಿಸದೆ ಮೆಸೇಜಿಂಗ್ ಆಪ್ ನಡೆಸಿದ್ದು: ನನ್ನ ಅನುಭವ

ಕಾಂಟ್ಯಾಕ್ಟ್ ಪರ್ಮಿಷನ್ ಕೊಡದೆ ಮೆಸೇಜಿಂಗ್ ಆಪ್ ಬಳಸೋಕೆ ಆಗಲ್ಲ, ಸುಮ್ನೆ ತಲೆ ಕೆಡಿಸ್ಕೋಬೇಡ ಎಂದವರೇ ಜಾಸ್ತಿ. ಹೆಸರು ಕಾಣಲ್ಲ, ಕಾಲ್ ಬರಲ್ಲ, ವಾರದೊಳಗೆ ನೀನೇ ಕೈಬಿಡ್ತೀಯ ಅಂದಿದ್ದರು. ಈಗ ವರ್ಷದ ಮೇಲಾಯಿತು. ವಾಟ್ಸ್‌ಆಪ್, ಸಿಗ್ನಲ್, ಟೆಲಿಗ್ರಾಂ ಮೂರೂ ನಡೆಯುತ್ತಿವೆ. ಹೆಸರು ಕಾಣುತ್ತದೆ, ಕಾಲೂ ಬರುತ್ತದೆ. ನಾನಾಗಿ ಆರಿಸಿ ಕೊಟ್ಟ ಹೆಸರು ಬಿಟ್ಟರೆ ಬೇರೆ ಯಾವುದೂ ಆ ಆಪ್‌ಗಳ ಕೈಗೆ ಸಿಕ್ಕಿಲ್ಲ.

ಕಾಂಟ್ಯಾಕ್ಟ್ ಪರ್ಮಿಷನ್ ಕೊಟ್ಟರೆ ಆಪ್ ನಮ್ಮ ಫೋನಿನ ಪಟ್ಟಿಯನ್ನು ಓದಿ ಕಂಪನಿಗೆ ಕಳಿಸಬಲ್ಲದು. ಎನ್‌ಕ್ರಿಪ್ಷನ್, ಅಂದರೆ ಬೇರೆಯವರು ಓದಲಾಗದಂತೆ ಮಾಡುವ ಗೂಢಲಿಪಿ ಇದೆಯಲ್ಲ, ಮತ್ತೇನು ಭಯ ಎಂದು ಕೇಳುತ್ತಾರೆ. ಎನ್‌ಕ್ರಿಪ್ಷನ್ ಕಾಯುವುದು ಮೆಸೇಜನ್ನು, ಪಟ್ಟಿಯನ್ನಲ್ಲ. ನಂಬರ್‌ಗಳನ್ನು ಹ್ಯಾಶ್ ಮಾಡಿ, ಅಂದರೆ ಲೆಕ್ಕ ಹಾಕಿ ಗುರುತು ಸಿಗದ ಸಂಕೇತವಾಗಿ ಬದಲಿಸಿ ಕಳಿಸಿದರೂ ಸಾಲದು. ಫೋನ್ ನಂಬರ್‌ಗೆ ಇರುವ ಅಂಕಿಗಳೇ ಕೆಲವು, ಎಲ್ಲ ನಂಬರಿಗೂ ಮೊದಲೇ ಹ್ಯಾಶ್ ಮಾಡಿಟ್ಟುಕೊಂಡು ತಾಳೆ ನೋಡಬಹುದು. ಸಿಗ್ನಲ್‌ನವರೇ ಇದನ್ನು 2014ರಲ್ಲಿ ಒಪ್ಪಿಕೊಂಡು, 2017ರಲ್ಲಿ ಬೇರೆ ದಾರಿ ಹಿಡಿದರು. ಅದಕ್ಕಿಂತ ಮುಖ್ಯವಾಗಿ ಆ ಪಟ್ಟಿಯಲ್ಲಿರುವುದು ಬೇರೆಯವರ ನಂಬರ್. ನನ್ನ ಪಟ್ಟಿಯಲ್ಲಿ ಸುಮಾರು 900 ಹೆಸರಿವೆ. ಅವರ ಪರವಾಗಿ 'ಅಲೌ' ಒತ್ತಲು ನಾನ್ಯಾರು?

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ: ಎಲ್ಲ ಪರ್ಮಿಷನ್ ಕಿತ್ತು ಹಾಕುವುದು. ಆಪ್‌ಗೆ ಏನೂ ಆಗಲಿಲ್ಲ, ನನಗೆ ಕಷ್ಟವಾಯಿತು. ಚಾಟ್ ಪಟ್ಟಿ ತುಂಬ ಬರೀ ನಂಬರ್. ಗ್ರೂಪಿನಲ್ಲಾದರೆ ಅವರವರೇ ಇಟ್ಟುಕೊಂಡ ಹೆಸರು ಕಾಣುತ್ತದೆ, ಅದರಲ್ಲೂ ಒಂದೇ ಹೆಸರಿನವರು ನಾಲ್ಕು ಜನ. ಯಾವ ನಂಬರ್ ಯಾರದೆಂದು ನೋಟ್ಸಿನಲ್ಲಿ ಬರೆದಿಟ್ಟುಕೊಂಡು ಎಷ್ಟು ದಿನ ನಡೆಸಲು ಸಾಧ್ಯ?

ಆಮೇಲೆ ದುಡ್ಡು ಖರ್ಚಾಗುವ ದಾರಿಗಳು. ಒಂದು ಫೈರ್‌ವಾಲ್ ಆಪ್‌ಗೆ ವರ್ಷದ ಚಂದಾ ಕಟ್ಟಿದೆ. ಒಂದು ಆಪ್‌ಗೆ ನೆಟ್ ಕೊಡು ಅಥವಾ ಕೊಡಬೇಡ ಎಂದಷ್ಟೇ ಅದು ಹೇಳಬಲ್ಲದು. ಮೆಸೇಜಿಂಗ್ ಆಪ್‌ಗೆ ನೆಟ್ ಬೇಕೇ ಬೇಕು, ಪಟ್ಟಿ ಹೋಗುವುದೂ ಅದೇ ದಾರಿಯಲ್ಲಿ. ಕಟ್ಟಿದ ದುಡ್ಡು ಪೂರ್ತಿ ದಂಡ. ನಂತರ ಮೆಸೇಜಿಗೆಂದೇ ಒಂದು ಹಳೆಯ ಫೋನ್ ಕೊಂಡೆ, ಹೊಸದರ ಕಾಲುಭಾಗದಷ್ಟು ಬೆಲೆಗೆ. ಎರಡು ಫೋನ್ ಹೊರುವುದು ಅಭ್ಯಾಸವಾಗುತ್ತಿತ್ತೋ ಏನೋ, ಆದರೆ ಅದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ಗೌಪ್ಯತೆಗೆಂದು ಅಂಥ ಫೋನ್ ಹಿಡಿಯುವುದರಲ್ಲಿ ಅರ್ಥವಿಲ್ಲ. ಕೊಂಡದ್ದರ ಅರ್ಧಕ್ಕೆ ಮಾರಿದೆ.

ಕೊನೆಗೆ ಕೈ ಹಿಡಿದದ್ದು ವರ್ಕ್ ಪ್ರೊಫೈಲ್. ಆಂಡ್ರಾಯ್ಡ್‌ನಲ್ಲಿ ಆಫೀಸಿನ ಆಪ್‌ಗಳಿಗೆಂದು ಇರುವ ಬೇರೆ ಕೋಣೆ ಇದು. ಅದರ ಕಾಂಟ್ಯಾಕ್ಟ್ ಬೇರೆ, ಫೈಲ್ ಬೇರೆ. ಆಫೀಸಿನವರೇ ಕೊಡಬೇಕೆಂದಿಲ್ಲ, ಶೆಲ್ಟರ್ ಎಂಬ ಓಪನ್ ಸೋರ್ಸ್ ಆಪ್ ಹಾಕಿ ನಾವೇ ಮಾಡಿಕೊಳ್ಳಬಹುದು. ಆಫೀಸಿನವರು ಈಗಾಗಲೇ ಒಂದನ್ನು ಮಾಡಿಕೊಟ್ಟಿದ್ದರೆ ಮಾತ್ರ ಇನ್ನೊಂದಕ್ಕೆ ಜಾಗವಿಲ್ಲ. ಮೂರೂ ಆಪ್‌ಗಳನ್ನು ಆ ಕಡೆಗೆ ಕ್ಲೋನ್ ಮಾಡಿ (ಇನ್ನೊಂದು ಪ್ರತಿ ಹಾಕಿ), ಅಲ್ಲಿಂದಲೇ ಲಾಗಿನ್ ಆದೆ. ಅಲ್ಲಿ ಕಾಂಟ್ಯಾಕ್ಟ್ ಪರ್ಮಿಷನ್ ಧಾರಾಳವಾಗಿ ಕೊಟ್ಟಿದ್ದೇನೆ, ಏಕೆಂದರೆ ಅಲ್ಲಿರುವುದು ನಾನು ಬರೆದ ಪುಟ್ಟ ಪಟ್ಟಿ. ಅರವತ್ತರ ಆಸುಪಾಸು ಹೆಸರಿರಬಹುದು.

ಒಂದು ಎಚ್ಚರಿಕೆ. ವರ್ಕ್ ಪ್ರೊಫೈಲಿನಲ್ಲಿ ನಿಮ್ಮ ಮಾಮೂಲಿ ಗೂಗಲ್ ಅಕೌಂಟ್ ಹಾಕಬೇಡಿ. ಹಾಕಿ ಸಿಂಕ್ ಆಯಿತೆಂದರೆ ಆ 900 ಹೆಸರೂ ಬಂದು ಕೂರುತ್ತವೆ.

ಪಟ್ಟಿಯನ್ನು ಆ ಕಡೆ ಸಾಗಿಸುವಾಗಲೇ ಜಾಸ್ತಿ ಕಲಿತದ್ದು. ಬೇಕಾದ ಹೆಸರುಗಳನ್ನು ವಿಸಿಎಫ್ ಫೈಲ್ (ಕಾಂಟ್ಯಾಕ್ಟ್ ಸಾಗಿಸಲು ಬಳಸುವ ಫೈಲ್) ಮಾಡಿ, ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ನೋಡಿದೆ. ಹೆಸರು, ನಂಬರ್ ಅಷ್ಟೇ ಇರುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಒಬ್ಬ ಗೆಳೆಯನ ಹೆಸರಿನ ಕೆಳಗೆ ಹುಟ್ಟಿದ ದಿನ, ಮನೆ ವಿಳಾಸ, ಹಳೆಯ ಇಮೇಲ್, ಜೊತೆಗೆ ನೋಟ್ ಸಾಲಿನಲ್ಲಿ ಅವನಿಗೆ ಯಾವ ಮಾತ್ರೆ ಆಗಿಬರುವುದಿಲ್ಲ ಎಂಬುದೂ ಇತ್ತು. ಇನ್ನೊಬ್ಬರ ನೋಟಿನಲ್ಲಿ ಅವರ ಗೇಟಿನ ಕೋಡ್. ಕಾಂಟ್ಯಾಕ್ಟ್ ಪರ್ಮಿಷನ್ ಪಡೆದ ಆಪ್ ಇವೆಲ್ಲವನ್ನೂ ಓದಬಲ್ಲದು. ಹೆಸರು ಮತ್ತು ನಂಬರ್ ಸಾಲು ಉಳಿಸಿ ಉಳಿದದ್ದನ್ನೆಲ್ಲ ಅಳಿಸಿದೆ, ಹೆಸರಿನ ಜಾಗದಲ್ಲೂ ಅಡ್ಡಹೆಸರು ಹಾಕಿದೆ. ನನಗೆ ಗೊತ್ತಾದರೆ ಸಾಕು.

ನೋಟಿಫಿಕೇಷನ್ ತಡವಾಗಿ ಬರುವುದು ಕೆಲವು ದಿನ ಕಾಡಿತು. ಆಪ್‌ಗಳ ಬ್ಯಾಟರಿ ಬಳಕೆಯನ್ನು 'ಅನ್‌ರಿಸ್ಟ್ರಿಕ್ಟೆಡ್' ಮಾಡಿದ ಮೇಲೆ ಸರಿಹೋಯಿತು. ಅಪ್‌ಡೇಟ್‌ಗೂ ಒಂದು ಉಪಾಯ ಮಾಡಿಕೊಂಡಿದ್ದೇನೆ. ಇನ್ನಷ್ಟು ದಿನ ನೋಡಿ ಹೇಳುತ್ತೇನೆ, ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

ಉಳಿದ ಪರ್ಮಿಷನ್‌ಗಳ ಕತೆ ಚಿಕ್ಕದು. ಮೈಕ್‌ಗೆ 'ಆಪ್ ಬಳಸುವಾಗ ಮಾತ್ರ'. 'ಪ್ರತಿಸಲ ಕೇಳು' ಎಂದಿಟ್ಟರೆ ಕಾಲ್ ಎತ್ತಿದ ಮೇಲೆ ಪ್ರಶ್ನೆ ಬಂದು ನಿಲ್ಲುತ್ತದೆ, ಆಚೆಯವರು ಹಲೋ ಹಲೋ ಅನ್ನುತ್ತಿರುತ್ತಾರೆ. ಕ್ಯಾಮೆರಾಗೆ ಪ್ರತಿಸಲ ಕೇಳಲಿ. ಲೊಕೇಷನ್ ಕೊಡುವುದೇ ಇಲ್ಲ, ಬೇಕಾದರೆ ಮ್ಯಾಪಿನ ಲಿಂಕ್ ಕಳಿಸುತ್ತೇನೆ. ಎಸ್‌ಎಂಎಸ್, ಕಾಲ್ ಲಾಗ್ ಎರಡೂ ಬೇಡ. ಒಟಿಪಿ ಐದಾರು ಅಂಕಿ, ಕೈಯಲ್ಲೇ ಒತ್ತಬಹುದು. 2018ರಲ್ಲಿ ಫೇಸ್‌ಬುಕ್ಕಿನಿಂದ ತಮ್ಮ ಡೇಟಾ ಇಳಿಸಿಕೊಂಡ ಕೆಲವರಿಗೆ ಅದರಲ್ಲಿ ತಮ್ಮ ಕಾಲ್ ಲಾಗ್ ಸಿಕ್ಕಿತ್ತು. ನೀವೇ ಒಪ್ಪಿದ್ದಿರಿ ಎಂದು ಕಂಪನಿ ಹೇಳಿತು. ಒತ್ತಿದವರಲ್ಲಿ ಎಷ್ಟು ಜನಕ್ಕೆ ಅದು ನೆನಪಿತ್ತೋ.

ಫೋಟೋ ವಿಷಯದಲ್ಲಿ ಒಂದು ಪ್ರಯೋಗ ಮಾಡಿದೆ. ಲೊಕೇಷನ್ ಆನ್ ಇಟ್ಟು ತೆಗೆದ ಒಂದೇ ಫೋಟೋವನ್ನು ವಾಟ್ಸ್‌ಆಪ್‌ನಲ್ಲಿ ನನ್ನದೇ ಇನ್ನೊಂದು ನಂಬರಿಗೆ ಎರಡು ರೀತಿ ಕಳಿಸಿದೆ. ಫೋಟೋ ಆಗಿ ಹೋದದ್ದರಲ್ಲಿ ಜಾಗದ ಗುರುತು ಇರಲಿಲ್ಲ. ಡಾಕ್ಯುಮೆಂಟ್ ಆಗಿ ಹೋದದ್ದರಲ್ಲಿ ಅಕ್ಷಾಂಶ, ರೇಖಾಂಶ ಎರಡೂ ಹಾಗೆಯೇ ಇದ್ದವು. ಕ್ವಾಲಿಟಿ ಕೆಡದಿರಲಿ ಎಂದು ಡಾಕ್ಯುಮೆಂಟ್ ಮಾಡಿ ಕಳಿಸುವವರು ಗಮನಿಸಿ.

ಇನ್ನೊಂದು ಪ್ರಯೋಗ ನಿರಾಸೆ ತಂದಿತು. ಹೊಸ ಸಿಮ್‌ನಲ್ಲಿ ಒಂದು ಆಪ್ ಅಕೌಂಟ್ ತೆರೆದು, ಯಾವ ಪರ್ಮಿಷನ್ನೂ ಕೊಡದೆ ಬಿಟ್ಟೆ. ಆ ನಂಬರನ್ನು ಉಳಿಸಿಕೊಂಡಿದ್ದವರು ಇಬ್ಬರೇ. ಇಬ್ಬರಿಗೂ 'ನಿಮ್ಮ ಪರಿಚಯದವರು ಸೇರಿದ್ದಾರೆ' ಎಂದು ಸೂಚನೆ ಹೋಯಿತು. ನಾನು ಎಷ್ಟೇ ಬಿಗಿ ಹಿಡಿದರೂ ನನ್ನ ನಂಬರ್ ಅವರ ಪಟ್ಟಿಯಿಂದ ಹೋಗುತ್ತದೆ. ಹಾಗಾಗಿ ಹತ್ತಿರದ ಕೆಲವರ ಫೋನಿನಲ್ಲೂ ಇದನ್ನೇ ಕೂತು ಮಾಡಿಕೊಟ್ಟೆ. ಆಗಲ್ಲ ಎಂದಿದ್ದವರಲ್ಲೇ ಇಬ್ಬರು ಈಗ ಹೀಗೆ ಬಳಸುತ್ತಿದ್ದಾರೆ. ಐಫೋನ್ ಇರುವವರಿಗೆ ಇಷ್ಟು ಕಷ್ಟವಿಲ್ಲ. ಐಒಎಸ್ 18ರಿಂದ ಯಾವ ಯಾವ ಹೆಸರು ಕೊಡಬೇಕೆಂದು ಆರಿಸಿಕೊಳ್ಳಬಹುದು.

ಆಂಡ್ರಾಯ್ಡ್ 15ರ ಪ್ರೈವೇಟ್ ಸ್ಪೇಸ್, ಅಂದರೆ ಆಪ್‌ಗಳನ್ನಿಟ್ಟು ಬೀಗ ಹಾಕಬಹುದಾದ ಬೇರೆ ಕೋಣೆ, ಸಾಲದೇ ಎಂದು ಹಲವರು ಕೇಳಿದ್ದಾರೆ. ಅದನ್ನೂ ನೋಡಿದೆ. ಬೀಗ ಹಾಕಿದಾಗ ಒಳಗಿನ ಆಪ್‌ಗಳು ನಿಂತೇಹೋಗುತ್ತವೆ, ಮೆಸೇಜ್ ಬಂದದ್ದು ತಿಳಿಯುವುದೇ ಇಲ್ಲ. ದಿನಕ್ಕೊಮ್ಮೆ ತೆರೆಯುವ ಆಪ್‌ಗೆ ಅದು ಚೆನ್ನಾಗಿದೆ, ಮೆಸೇಜಿಗೆ ಬೇಡ.