ಕಟಾಫ್ ಪಟ್ಟಿ ಓದುವ ಬಗೆ

ಎಂಜಿನಿಯರಿಂಗ್ ಸೀಟಿಗಾಗಿ ಬರೆದ ಸಿಇಟಿ (ಸಾಮಾನ್ಯ ಪ್ರವೇಶ ಪರೀಕ್ಷೆ) ಫಲಿತಾಂಶ ಬಂತೆಂದರೆ ಮೈಸೂರು, ಮಂಡ್ಯದ ಮನೆಗಳಲ್ಲಿ ಒಂದೇ ಪ್ರಶ್ನೆ: ‘ಈ ರ‍್ಯಾಂಕಿಗೆ ಎನ್‌ಐಇ ಕಾಲೇಜಿನಲ್ಲಿ ಸೀಟು ಸಿಗುತ್ತಾ?’ ಹೋದ ವರ್ಷದ ಕಟಾಫ್, ಅಂದರೆ ಸೀಟು ಸಿಕ್ಕ ಕೊನೆಯ ರ‍್ಯಾಂಕ್ ಒಂದನ್ನೇ ನೋಡಿ ತೀರ್ಮಾನಿಸಬೇಡಿ. ಹಾಳೆ, ಪೆನ್ನು ಹಿಡಿದು ಅರ್ಧ ಗಂಟೆ ಕೂರಿ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಿಂದ ಮೂರ್ನಾಲ್ಕು ವರ್ಷದ ಕಟಾಫ್ ಪಟ್ಟಿ ಇಳಿಸಿಕೊಳ್ಳಿ. ಮೈಸೂರಿನ ಎನ್‌ಐಇ, ಎಸ್‌ಜೆಸಿಇ, ಮಂಡ್ಯದ ಪಿಇಎಸ್, ಹೀಗೆ ನಿಮಗೆ ಬೇಕಾದ ಕಾಲೇಜು, ಶಾಖೆಗೆ ಒಂದೊಂದು ಸಾಲು, ವರ್ಷಕ್ಕೊಂದು ಕಾಲಂ. ಎಲ್ಲ ವರ್ಷಕ್ಕೂ ಸೀಟು ಹಂಚಿಕೆಯ ಒಂದೇ ಸುತ್ತಿನ ಅಂಕಿ ಬರೆಯಿರಿ.

ಯಾವ ವರ್ಗದ ಅಂಕಿ? ಹಳ್ಳಿ ಮಕ್ಕಳು ಎಡವುವುದು ಇಲ್ಲೇ. ಜಿಎಂ (ಸಾಮಾನ್ಯ ವರ್ಗ) ರ‍್ಯಾಂಕ್ ನೋಡಿ ಆಸೆ ಬಿಟ್ಟುಬಿಡುತ್ತಾರೆ. 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಜಿಎಂಆರ್, (ಹಿಂದುಳಿದ ವರ್ಗ 3ಎ ಆದರೆ) 3ಎಆರ್‌ನಂಥ ಕಾಲಂಗಳಿವೆ. ಕನ್ನಡ ಮಾಧ್ಯಮದವರಿಗೆ ಜಿಎಂಕೆ, 3ಎಕೆ. ಮದ್ದೂರು, ನಾಗಮಂಗಲದ ಕಡೆಯ ಪೋಷಕರೇ, ಈ ಕಾಲಂ ದಯವಿಟ್ಟು ನೋಡಿ; ವ್ಯಾಸಂಗ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ.

ಈಗ ಸಾಲನ್ನು ಓದಿ. ಕೊನೆಯ ರ‍್ಯಾಂಕ್ 9,000 ಇದ್ದದ್ದು 7,000ಕ್ಕೆ ಬಂದಿದೆ ಎಂದಿಟ್ಟುಕೊಳ್ಳಿ. ಪೈಪೋಟಿ ಹೆಚ್ಚಿದೆ ಎಂದರ್ಥ. 12,000ಕ್ಕೆ ಹೋಗಿದ್ದರೆ ಬೇಡಿಕೆ ಕುಸಿದಿದೆ ಎನ್ನಲು ಅವಸರ ಬೇಡ, ಆ ಶಾಖೆಯ ಸೀಟು ಹೆಚ್ಚಿದೆಯೇ ನೋಡಿ. 2024–25ರಿಂದ ತಾಂತ್ರಿಕ ಶಿಕ್ಷಣ ನಿಯಂತ್ರಿಸುವ ಎಐಸಿಟಿಇ ಸೀಟುಗಳ ಮಿತಿ ಸಡಿಲಿಸಿದ ಮೇಲೆ ಕಂಪ್ಯೂಟರ್ ಸೈನ್ಸ್‌ಗೆ ಇದು ಮುಖ್ಯ.

ಹಳೇ ವರ್ಷದ ಅಂಕಗಳನ್ನು ಹೋಲಿಸುವುದು ಇನ್ನೂ ಕಷ್ಟ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಅಂಕ ಅರ್ಧ, ಸಿಇಟಿ ಅರ್ಧ. ಪಿಯುಸಿಯಲ್ಲಿ 300ಕ್ಕೆ 270, ಸಿಇಟಿಯಲ್ಲಿ 180ಕ್ಕೆ 108 ಬಂದರೆ 45 ಮತ್ತು 30 ಸೇರಿ 75. ಆದರೆ 2021ರಲ್ಲಿ ಕೋವಿಡ್‌ನಿಂದ ಪಿಯುಸಿ ಪರೀಕ್ಷೆ ರದ್ದಾಗಿ, ರ‍್ಯಾಂಕಿಗೆ ಸಿಇಟಿ ಅಂಕವನ್ನಷ್ಟೇ ಹಿಡಿದರು. 2024ರಲ್ಲಿ ಪಠ್ಯದಲ್ಲಿಲ್ಲದ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಅಣ್ಣನಿಗೆ ಅಂದು ಬಂದ ಅಂಕವನ್ನು ತಂಗಿಯ ಅಂಕದ ಪಕ್ಕಕ್ಕಿಟ್ಟು ಮಗುವನ್ನು ನೋಯಿಸಬೇಡಿ. ರ‍್ಯಾಂಕ್ ಮಾತ್ರ ಹೋಲಿಸಿ.

ಕೊನೆಗೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಶಾಖೆಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸುವುದು. ಮೇಲಿನ ಆಯ್ಕೆಯಿಂದಲೇ ಹಂಚಿಕೆ ಶುರುವಾಗುವುದರಿಂದ, ಕೈಗೆಟುಕದಂತೆ ಕಾಣುವ ಸೀಟನ್ನು ಮೊದಲು ಬರೆದರೂ ಕೆಳಗಿನದಕ್ಕೆ ಧಕ್ಕೆಯಿಲ್ಲ. ಬರೆದಿಟ್ಟ ಎಲ್ಲ ವರ್ಷವೂ ನಿಮ್ಮ ರ‍್ಯಾಂಕಿಗೆ ಸಿಕ್ಕಿರುವ ಎರಡು ಮೂರು ಸೀಟುಗಳನ್ನು ಪಟ್ಟಿಯ ತಳದಲ್ಲಿ ತಪ್ಪದೆ ಸೇರಿಸಿ.