ನಿಯಾಂಡರ್ತಲರೂ ನಮ್ಮವರೂ ಒಟ್ಟಿಗೆ ಇದ್ದರಾ? ಒಂದು ಕಾಗದದ ಪಟ್ಟಿಯಲ್ಲಿ ನೋಡುವ ಬಗೆ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಒಂದು ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ನಿಯಾಂಡರ್ತಲರೂ ನಮ್ಮವರೂ ಒಟ್ಟಿಗೆ ಇದ್ರಾ?" ಎಂದು ಕೇಳಿದಳು. "ಹೌದು, ಇದ್ದರು" ಅಂದೆ. ನಿಯಾಂಡರ್ತಲರು ಅಂದರೆ ಈಗ ಇಲ್ಲವಾಗಿರುವ, ನಮಗೆ ಹತ್ತಿರದ ಇನ್ನೊಂದು ಮಾನವ ಜಾತಿ; ನಮ್ಮವರು ಅಂದರೆ ಆ ಕಾಲದ ನಮ್ಮದೇ ಜಾತಿಯ ಜನ. ಅವಳು ಕೂರಲಿಲ್ಲ. "ಒಟ್ಟಿಗೆ ಅಂದ್ರೆ ಅಕ್ಕಪಕ್ಕದಲ್ಲೇನಾ?" ಆ ಎರಡನೇ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಒಂದು ವಾರ ಬೇಕಾಯಿತು. ಆ ವಾರ ನಾನು ಮಾಡಿದ್ದನ್ನು ನೀವೂ ಮಾಡಬಹುದು. 30 ಸೆಂ.ಮೀ. ಸ್ಕೇಲು, ಅಷ್ಟೇ ಉದ್ದದ ಕಾಗದದ ಪಟ್ಟಿ, ಪೆನ್ಸಿಲ್, ರಬ್ಬರ್ ಇದ್ದರೆ ಸಾಕು. ಪೆನ್ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಪಟ್ಟಿಯ ಎಡತುದಿ 60,000 ವರ್ಷಗಳ ಹಿಂದೆ, ಬಲತುದಿ 30,000 ವರ್ಷಗಳ ಹಿಂದೆ. 1 ಸೆಂ.ಮೀ.ಗೆ 1,000 ವರ್ಷ, 1 ಮಿ.ಮೀ.ಗೆ 100 ವರ್ಷ. ಈಗ ಸ್ಕೇಲು ಪಕ್ಕಕ್ಕಿಟ್ಟು ಸ್ವಲ್ಪ ಯೋಚಿಸಿ. ಒಬ್ಬ ಮನುಷ್ಯನ ಇಡೀ ಬದುಕು ಈ ಪಟ್ಟಿಯಲ್ಲಿ ಒಂದು ಪೆನ್ಸಿಲ್ ಗೆರೆಯಷ್ಟು ದಪ್ಪ, ಅಷ್ಟೇ. ಇದನ್ನು ಕೊನೆಯವರೆಗೂ ಮರೆಯಬೇಡಿ.

ಯಾವ ಕಾಲವನ್ನೂ ಚುಕ್ಕಿಯಾಗಿ ಇಡಬೇಡಿ, ಪಟ್ಟೆಯಾಗಿ ಬಳಿಯಿರಿ. ಹಳೆಯ ಮೂಳೆಯ ವಯಸ್ಸು ಯಾವಾಗಲೂ "ಇಷ್ಟರಿಂದ ಇಷ್ಟರವರೆಗೆ" ಎಂದೇ ಬರುತ್ತದೆ. ಮೊದಲ ಪಟ್ಟೆ ಇದು: ಯುರೋಪಿನಲ್ಲಿ ನಿಯಾಂಡರ್ತಲರು 41,000 ಮತ್ತು 39,000 ವರ್ಷಗಳ ಹಿಂದಿನ ನಡುವೆ ಮರೆಯಾದರು ಎಂದು ಹಳೆಯ ಮೂಳೆಗಳ ವಯಸ್ಸು ಅಳೆಯುವ ವಿಜ್ಞಾನಿ ಟಾಮ್ ಹೈಯಮ್ ಅವರ ತಂಡ 2014ರಲ್ಲಿ ಲೆಕ್ಕ ಹಾಕಿತು. ನಿಮ್ಮ ಸ್ಕೇಲಿನಲ್ಲಿ ಅದು 19ರಿಂದ 21 ಸೆಂ.ಮೀ. ಅಲ್ಲಿ ಎರಡೂ ಜನ ಒಂದೇ ಕಾಲದಲ್ಲಿ ಇದ್ದದ್ದು 2,600ರಿಂದ 5,400 ವರ್ಷ ಎಂಬುದು ಅದೇ ತಂಡದ ಅಂದಾಜು. ಅಂದರೆ ಕಾಗದದ ಮೇಲೆ ಎರಡೂವರೆಯಿಂದ ಐದೂವರೆ ಸೆಂ.ಮೀ. ಒಂದು ಗೆರೆಯ ಬದುಕಿನ ಪಕ್ಕ ಇಟ್ಟು ನೋಡಿದರೆ ಇದು ಎಷ್ಟು ಅಗಲ, ಅಲ್ವಾ? ಒಂದೇ ಪಟ್ಟೆಯೊಳಗೆ ಇದ್ದೂ ಇಬ್ಬರು ಒಬ್ಬರನ್ನೊಬ್ಬರು ನೋಡದೇ ಹೋಗಿರಬಹುದು.

ಈಗ ರಬ್ಬರಿನ ವಿಷಯ. ಕ್ರೊಯೇಷಿಯಾದ ವಿಂಡಿಯಾ ಗುಹೆಯ ನಿಯಾಂಡರ್ತಲ್ ಮೂಳೆಗಳು 28,000ದಿಂದ 29,000 ವರ್ಷ ಹಳೆಯವು ಎಂದು 1999ರಲ್ಲಿ ಬಂದಿತ್ತು. ಅದು ನಮ್ಮ ಪಟ್ಟಿಯಿಂದಲೇ ಆಚೆ. 2006ರಲ್ಲಿ ಮತ್ತೆ ಅಳೆದಾಗ 32,000ದಿಂದ 33,000 ಆಯಿತು. 2017ರಲ್ಲಿ ಇನ್ನೂ ಚೆನ್ನಾಗಿ ಶುದ್ಧ ಮಾಡಿ ಅಳೆದರೆ 40,000ಕ್ಕೂ ಹಿಂದೆ! ಮೂಳೆ ಅದೇ. ಬದಲಾದದ್ದು ತೊಳೆಯುವ ವಿಧಾನ. ಇಂಥ ಮೂಳೆಯ ವಯಸ್ಸನ್ನು ಅದರಲ್ಲಿ ಉಳಿದ ರೇಡಿಯೋಕಾರ್ಬನ್ (ತಾನಾಗಿ ಕ್ಷಯಿಸುತ್ತಾ ಹೋಗುವ ಒಂದು ಬಗೆಯ ಕಾರ್ಬನ್) ಅಳೆದು ಲೆಕ್ಕ ಹಾಕುತ್ತಾರೆ. ಅದು 5,730 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಏಳು ಸಲ ಅರ್ಧವಾದರೆ ಸುಮಾರು 40,000 ವರ್ಷ. ಆಗ ಮೊದಲಿದ್ದದ್ದರಲ್ಲಿ 128ರಲ್ಲಿ ಒಂದು ಪಾಲು ಮಾತ್ರ ಉಳಿದಿರುತ್ತದೆ. ಉಳಿದದ್ದು ಅಷ್ಟು ಚೂರು ಆದ್ದರಿಂದ, ಮಣ್ಣಿನಿಂದಲೋ ಅಂಟಿನಿಂದಲೋ ಮೂಳೆಯ ಒಟ್ಟು ಕಾರ್ಬನ್‌ನಲ್ಲಿ ಶೇ. 1ರಷ್ಟು ಹೊಸ ಕಾರ್ಬನ್ ಸೇರಿದರೂ 40,000 ವರ್ಷದ ಮೂಳೆ 33,000 ವರ್ಷದ್ದು ಅನ್ನಿಸುತ್ತದೆ. ನಾನೇ ಕ್ಯಾಲ್ಕ್ಯುಲೇಟರ್ ಹಿಡಿದು ಲೆಕ್ಕ ಮಾಡಿ ನೋಡಿದೆ. ಪಟ್ಟಿಯಲ್ಲಿ ಏಳು ಸೆಂ.ಮೀ. ತಪ್ಪು! ಹಾಗಾಗಿ ಹಳೆಯ ಲೇಖನ ಓದುವಾಗ ಮೂಳೆ ಯಾವ ವರ್ಷ ಸಿಕ್ಕಿತು ಅನ್ನುವುದಕ್ಕಿಂತ, ಯಾವ ವರ್ಷ ಅಳೆದದ್ದು ಅಂತ ಮೊದಲು ನೋಡಿ.

ಜಾಗದ ಹೆಸರಿಗೂ ಮೋಸ ಹೋಗಬಾರದು. ಇಸ್ರೇಲಿನ ಕಾರ್ಮೆಲ್ ಬೆಟ್ಟದಲ್ಲಿ ಸ್ಖೂಲ್ ಗುಹೆಯಲ್ಲಿ ನಮ್ಮವರ ಮೂಳೆ ಸಿಕ್ಕಿದೆ, ಕೆಬಾರಾ ಗುಹೆಯಲ್ಲಿ ನಿಯಾಂಡರ್ತಲರದು. ಬೆಟ್ಟ ಒಂದೇ. ಆದರೆ ಸ್ಖೂಲ್‌ನವರು 1,00,000 ವರ್ಷಕ್ಕೂ ಹಿಂದಿನವರು, ಕೆಬಾರಾದವನು ಸುಮಾರು 60,000 ವರ್ಷ ಹಿಂದಿನವನು. ನಡುವಿನ ಅಂತರ ನಮ್ಮ ಇಡೀ ಪಟ್ಟಿಗಿಂತ ಉದ್ದ. ಕಲ್ಲಿನ ಉಪಕರಣ ನೋಡಿ ಸುಮ್ನೆ ಇವರದೇ ಎಂದು ಬರೆದುಕೊಳ್ಳುವುದೂ ಬೇಡ. ಜರ್ಮನಿಯ ರಾನಿಸ್ ಗುಹೆಯಲ್ಲಿ ಸಿಕ್ಕಂಥ ಉಪಕರಣಗಳು ನಿಯಾಂಡರ್ತಲರವು ಎಂದು ಹಲವರು ನಂಬಿದ್ದರು. ಅದೇ ಪದರಗಳ ಮೂಳೆ ಚೂರುಗಳ ಡಿಎನ್‌ಎ ನೋಡಿದಾಗ ಅವು ನಮ್ಮವರವು ಎಂದು 2024ರಲ್ಲಿ ತಿಳಿಯಿತು.

ಹಾಗಾದರೆ "ಅಕ್ಕಪಕ್ಕ" ಅನ್ನುವಷ್ಟು ಹತ್ತಿರ ಹೋಗುವ ಪುರಾವೆ ಯಾವುದು? ನನಗೆ ಎರಡು ಸಿಕ್ಕವು.

ಒಂದು, ಫ್ರಾನ್ಸಿನ ಮಾಂಡ್ರಿನ್ ಗುಹೆ. ಸುಮಾರು 54,000 ವರ್ಷ ಹಿಂದಿನ ಪದರದಲ್ಲಿ ನಮ್ಮ ಜಾತಿಯ ಒಂದು ಮಗುವಿನ ಹಾಲುಹಲ್ಲು ಸಿಕ್ಕಿದೆ. ಅದರ ಕೆಳಗಿನ ಪದರ ನಿಯಾಂಡರ್ತಲರದು, ಮೇಲಿನದೂ ಅವರದೇ. ಆ ಗುಹೆಯಲ್ಲಿ ಒಲೆಯ ಹೊಗೆ ಗೋಡೆಗೆ ಮಸಿಯಾಗಿ ಅಂಟಿತ್ತು. ಆಮೇಲೆ ಆ ಗೋಡೆಯ ಚೂರುಗಳು ಉದುರಿ ಪದರಗಳಲ್ಲಿ ಸೇರಿದ್ದವು. ಆ ಮಸಿಯ ಗೆರೆಗಳನ್ನು ಎಣಿಸಿದವರು, ಒಂದು ಜನ ಬಿಟ್ಟುಹೋಗಿ ಇನ್ನೊಂದು ಜನ ಬರುವ ನಡುವೆ ಹೆಚ್ಚೆಂದರೆ ಒಂದು ವರ್ಷ ಅಂದಿದ್ದಾರೆ. ಪಟ್ಟಿಯಲ್ಲಿ ಅದನ್ನು ಬರೆಯಲು ಯಾವ ಪೆನ್ಸಿಲಿಗೂ ಆಗದು.

ಇನ್ನೊಂದು ಡಿಎನ್‌ಎ. ಆಫ್ರಿಕಾದ ಹೊರಗಿನ ಮೂಲದ ಜನರಲ್ಲಿ ಶೇ. 1ರಿಂದ 2ರಷ್ಟು ನಿಯಾಂಡರ್ತಲ್ ಡಿಎನ್‌ಎ ಇದೆ. ಇದರಿಂದ ಬೆರೆತದ್ದು ಖಚಿತವಾಗುತ್ತದೆ. ಯಾವಾಗ ಅನ್ನುವುದನ್ನು ನಮ್ಮ ಡಿಎನ್‌ಎಯಲ್ಲಿರುವ ನಿಯಾಂಡರ್ತಲ್ ತುಂಡುಗಳ ಉದ್ದ ಹೇಳುತ್ತದೆ. ಪ್ರತಿ ತಲೆಮಾರಿನಲ್ಲೂ ಆ ತುಂಡುಗಳು ಕತ್ತರಿಸಿ ಚಿಕ್ಕದಾಗುತ್ತಾ ಹೋಗುತ್ತವೆ. ಚಿಕ್ಕದಿದ್ದರೆ ಹಳೆಯ ನಂಟು, ಉದ್ದವಿದ್ದರೆ ಇತ್ತೀಚಿನದು. ಈ ಲೆಕ್ಕದಲ್ಲಿ ಬೆರೆತ ಕಾಲ 50,500ರಿಂದ 43,500 ವರ್ಷ ಹಿಂದೆ ಎಂದು 2024ರ ಅಧ್ಯಯನವೊಂದು ಹೇಳಿತು. 9.5ರಿಂದ 16.5 ಸೆಂ.ಮೀ.ವರೆಗೆ ಬೇರೆ ಬಣ್ಣದ ಪೆನ್ಸಿಲಿನಲ್ಲಿ ಬಳಿಯಿರಿ.

ಕೊನೆಗೆ ರೊಮೇನಿಯಾದ ಓಸೆ ಗುಹೆಯ ದವಡೆ. 2002ರಲ್ಲಿ ಸಿಕ್ಕಿತು. ವಯಸ್ಸು 37,000ದಿಂದ 42,000 ವರ್ಷ, ಅಂದರೆ 18ರಿಂದ 23 ಸೆಂ.ಮೀ. ಅವನು ನಮ್ಮ ಜಾತಿಯವನೇ. ಆದರೆ ಅವನಲ್ಲಿ ನಿಯಾಂಡರ್ತಲ್ ಡಿಎನ್‌ಎ ಶೇ. 6ರಿಂದ 9ರಷ್ಟಿತ್ತು, ತುಂಡುಗಳು ತುಂಬಾ ಉದ್ದ. ನಾಲ್ಕರಿಂದ ಆರು ತಲೆಮಾರು ಹಿಂದೆ ಅವನ ಮನೆತನದಲ್ಲಿ ಒಬ್ಬರು ನಿಯಾಂಡರ್ತಲ್ ಇದ್ದರು ಎಂದು 2015ರಲ್ಲಿ ಗೊತ್ತಾಯಿತು. ನಮ್ಮ ಪಟ್ಟಿಯಲ್ಲಿ ಆ ಅಂತರ ಎರಡು ಮಿ.ಮೀ.ಗಿಂತ ಕಡಿಮೆ.

ಆ ಹುಡುಗಿಯ ಕೈಗೆ ಪಟ್ಟಿ ಕೊಟ್ಟು ಇದನ್ನು ಹೇಳಿದೆ. ಅವಳು ಬೆರಳು ಮಡಚಿ ಎಣಿಸಿದಳು: ಅಮ್ಮ, ಅಜ್ಜಿ, ಮುತ್ತಜ್ಜಿ, ಮುತ್ತಜ್ಜಿಯ ಅಮ್ಮ. "ಹಾಗಾದ್ರೆ ಅವನ ಮನೇಲಿ ಅವರ ಕಥೆ ಹೇಳ್ತಿದ್ರೇನೋ ಟೀಚರ್" ಅಂದಳು, ಆಮೇಲೆ ಕೂತಳು.