ಶ್ವಾಸಕೋಶದ ಭಾಗ ತೆಗೆದ ಮೇಲೆ ಹೃದಯವನ್ನು ಕಾಯುವುದು ಹೇಗೆ?

ಕ್ಷಯದಿಂದ ಹಾಳಾದ ಭಾಗವನ್ನೋ ಕ್ಯಾನ್ಸರ್ ಗಡ್ಡೆಯನ್ನೋ ತೆಗೆಸಿಕೊಳ್ಳುವವರು ಉಸಿರಿನ ಬಗ್ಗೆ ಚಿಂತಿಸುತ್ತಾರೆ, ಹೃದಯವನ್ನು ಮರೆಯುತ್ತಾರೆ. ಹೃದಯದ ಬಲಭಾಗವು ತನಗೆ ಬಂದ ರಕ್ತವನ್ನೆಲ್ಲ ಶ್ವಾಸಕೋಶಗಳಿಗೇ ತಳ್ಳಬೇಕು. ಅಲ್ಲಿಯ ನಾಳಗಳು ಸುಲಭವಾಗಿ ಹಿಗ್ಗುವುದರಿಂದ ಸರಾಸರಿ 20 ಮಿ.ಮೀ. ಪಾದರಸಕ್ಕಿಂತ ಕಡಿಮೆ ಒತ್ತಡ ಸಾಕಾಗುತ್ತದೆ. ಆದ್ದರಿಂದಲೇ ಹೃದಯದ ಬಲಭಾಗದ ಕೋಣೆಯ ಗೋಡೆ ತೆಳು. ಶ್ವಾಸಕೋಶದ ಒಂದು ಹಾಲೆ, ಅಂದರೆ ಅದರ ಒಂದು ದೊಡ್ಡ ಭಾಗ, ಹೋದರೆ ಉಳಿದ ನಾಳಗಳು ಹೊರೆ ಹಂಚಿಕೊಳ್ಳುತ್ತವೆ, ಕುಳಿತಿರುವಾಗ ವ್ಯತ್ಯಾಸ ಅಷ್ಟಾಗಿ ಕಾಣದು. ಮೆಟ್ಟಿಲು ಹತ್ತುವಾಗ ಒತ್ತಡ ಏರುತ್ತದೆ. ಇಡೀ ಶ್ವಾಸಕೋಶವನ್ನೇ ತೆಗೆದರೆ ಎರಡರ ರಕ್ತವೂ ಒಂದರಲ್ಲೇ ಹರಿಯಬೇಕು.

ಮೊದಲ ಹಂತ, ಶಸ್ತ್ರಚಿಕಿತ್ಸೆಯ ನಂತರ ಎಷ್ಟು ಉಸಿರಿನ ಸಾಮರ್ಥ್ಯ ಉಳಿಯುತ್ತದೆ ಎಂಬ ಲೆಕ್ಕಾಚಾರ. ಎರಡೂ ಶ್ವಾಸಕೋಶಗಳಲ್ಲಿ ಒಟ್ಟು 19 ಖಂಡಗಳೆಂದು (ಹಾಲೆಯೊಳಗಿನ ಸಣ್ಣ ವಿಭಾಗಗಳು) ಎಣಿಸುವುದು ವಾಡಿಕೆ. ಒಂದು ಸೆಕೆಂಡಿನಲ್ಲಿ 2 ಲೀಟರ್ ಗಾಳಿ ಊದಬಲ್ಲವರ ಬಲಗಡೆಯ ಕೆಳಹಾಲೆಯ 5 ಖಂಡಗಳನ್ನು ತೆಗೆದರೆ ಉಳಿಯುವುದು 19ರಲ್ಲಿ 14, ಅಂದರೆ ಸುಮಾರು 1.47 ಲೀಟರ್. ಇದರ ಜೊತೆಗೆ ಹೃದಯದ ಎಕೋ ಪರೀಕ್ಷೆ (ಧ್ವನಿ ತರಂಗಗಳಿಂದ ಹೃದಯವನ್ನು ನೋಡುವುದು) ಅಗತ್ಯವೇ ಎಂದು ವೈದ್ಯರನ್ನು ಕೇಳಿರಿ. ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಆ ಸೌಲಭ್ಯವಿದೆ. ಬೀಡಿ, ಸಿಗರೇಟುಗಳನ್ನು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು.

ಶಸ್ತ್ರಚಿಕಿತ್ಸೆಯ ನಂತರ ಸಲೈನ್ ಅನ್ನು ಅಳೆದು ಕೊಡುತ್ತಾರೆ. “ಇನ್ನೊಂದು ಬಾಟಲಿ ಹಚ್ರಿ, ಶಕ್ತಿ ಬರ್ತದ” ಎಂದು ಬಂಧುಗಳು ಒತ್ತಾಯಿಸಬಾರದು, ಏಕೆಂದರೆ ಹೆಚ್ಚಿದ ದ್ರವ ಉಳಿದ ಶ್ವಾಸಕೋಶದಲ್ಲಿ ತುಂಬಿಕೊಳ್ಳಬಹುದು. ಎರಡನೆಯ ಅಥವಾ ಮೂರನೆಯ ದಿನದ ಸುಮಾರಿಗೆ ಎದೆಬಡಿತ ತಾಳತಪ್ಪುವುದು ಅಪರೂಪವಲ್ಲ. ಎದೆ ಡವಡವ ಎಂದರೆ ನರ್ಸ್‌ಗೆ ಕೂಡಲೇ ತಿಳಿಸಿರಿ. ನೋವಿನ ಮಾತ್ರೆ ಬೇಡವೆಂದು ಹಟ ಹಿಡಿಯುವುದೂ ತಪ್ಪು, ನೋವಿದ್ದರೆ ಆಳವಾಗಿ ಉಸಿರೆಳೆಯಲು, ಕೆಮ್ಮಿ ಕಫ ತೆಗೆಯಲು ಆಗುವುದಿಲ್ಲ.

ಮನೆಗೆ ಬಂದ ಮೇಲೆ ದಿನವೂ ನಡೆಯಬೇಕು, ಪ್ರತಿ ವಾರ ಸ್ವಲ್ಪ ಹೆಚ್ಚಿಸಬೇಕು. ನಮ್ಮ ಕಲಬುರಗಿಯ ಬೇಸಿಗೆಯಲ್ಲಿ ಶರಣಬಸವೇಶ್ವರ ಕೆರೆಯ ದಂಡೆಯ ನಡಿಗೆ ಬಿಸಿಲೇರುವ ಮೊದಲೇ ಮುಗಿಯಲಿ. ನೀರಿನ ಮಾತ್ರೆ (ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವ ಮಾತ್ರೆ) ಬರೆಸಿಕೊಂಡವರಿಗೆ ಈ ಸೆಕೆಯಲ್ಲಿ ದೇಹ ಒಣಗುವ ಅಪಾಯವೂ ಉಂಟು, ಅತಿಯಾಗಿ ನೀರು ಕುಡಿದು ಮೈ ಊದುವ ಅಪಾಯವೂ ಉಂಟು. ದಿನಕ್ಕೆ ಎಷ್ಟು ನೀರು, ಎಷ್ಟು ಉಪ್ಪು ಎಂಬುದನ್ನು ಬರೆಸಿಕೊಂಡೇ ಬನ್ನಿರಿ. ರೊಟ್ಟಿಯ ಜೊತೆಗಿನ ಉಪ್ಪಿನಕಾಯಿಯೂ ಆ ಲೆಕ್ಕಕ್ಕೆ ಸೇರುತ್ತದೆ.

ಕಾಲು ಬಾವು, ದಿನದಿನಕ್ಕೆ ಏರುವ ತೂಕ, ಮಲಗಿದರೆ ಉಸಿರುಗಟ್ಟುವುದು ಕಂಡರೆ ಮುಂದಿನ ತಪಾಸಣೆಯ ದಿನಾಂಕಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿರಿ. ಒಂದೇ ಮೀನಖಂಡ ಊದಿ ನೋಯುವುದು ಅಥವಾ ಹಠಾತ್ತನೆ ಏದುಸಿರು ಬರುವುದು ರಕ್ತ ಹೆಪ್ಪುಗಟ್ಟಿದ ಸೂಚನೆಯಿರಬಹುದು; ಆಗ 108ಕ್ಕೆ ಕರೆ ಮಾಡಿರಿ.